ಕೇಳಿ, ಹೇಳ್ತೀನಿ: ‘ಸುಮ್ನೆ ನೋಡಿದೆ ಅಷ್ಟೇ’

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಭಯದವು. ‘ಅಪ್ಪ ಅಮ್ಮ ಇಂಡಿಯಾದಲ್ಲಿದ್ದಾರೆ, ಅಮೆರಿಕದ ಸರ್ಕಾರ ನನಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಕೊಡುತ್ತಾ?’ ಕ್ಲಿಯರೆನ್ಸ್ ಅಂದರೆ ದೇಶದ ಗುಟ್ಟಿನ ಸಂಗತಿಗಳನ್ನು ನೋಡಲು ಸರ್ಕಾರ ಕೊಡುವ ಅನುಮತಿ. ಈ ಸಲ ಆರಿಸಿದ ನಾಲ್ಕು ಪತ್ರಗಳಲ್ಲಿ ಇಂಡಿಯಾದ ಸುದ್ದಿಯೇ ಇಲ್ಲ. ನಾಲ್ಕರಲ್ಲೂ ಇರುವುದು ಕಂಪ್ಯೂಟರ್. ಮೂರರಲ್ಲಿ ‘ಸುಮ್ನೆ’ ಅನ್ನುವ ಪದವೂ ಇದೆ. ಕೆಂಪು ಪೆನ್ನಿನಲ್ಲಿ ಅದರ ಕೆಳಗೆ ಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ವಕೀಲೆ ಅಲ್ಲ. ವರ್ಜೀನಿಯಾದ ಒಂದು ಸಣ್ಣ ಗುತ್ತಿಗೆ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಫೆಸಿಲಿಟಿ ಸೆಕ್ಯುರಿಟಿ ಆಫೀಸರ್, ಅಂದರೆ ಎಫ್‌ಎಸ್‌ಒ ಆಗಿದ್ದೆ. ಕ್ಲಿಯರೆನ್ಸ್ ಬೇಕಾದವರ ಫಾರಂ ನೋಡುವುದು, ವರ್ಷಕ್ಕೊಮ್ಮೆ ತರಬೇತಿ ಕೊಡುವುದು, ಯಾರಾದರೂ ಎಡವಿದರೆ ಸರ್ಕಾರಕ್ಕೆ ವರದಿ ಬರೆಯುವುದು ನನ್ನ ಕೆಲಸ. ಆ ಕೊನೆಯ ಕೆಲಸದಿಂದಾಗಿ ಕ್ಯಾಂಟೀನಿನಲ್ಲಿ ನನ್ನ ಪಕ್ಕದ ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು.

ಪ್ರಶ್ನೆ: ಮೇಡಂ, ನನಗೆ 41 ವರ್ಷ. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯಲ್ಲಿ ಸಿಸ್ಟಂ ಅಡ್ಮಿನ್. ಹನ್ನೊಂದು ವರ್ಷದಿಂದ ಸೀಕ್ರೆಟ್ ಕ್ಲಿಯರೆನ್ಸ್ ಇದೆ. ಹೋದ ವರ್ಷ ಜನರನ್ನು ಕೆಲಸದಿಂದ ತೆಗೆಯುತ್ತಾರೆ ಅಂತ ಸುದ್ದಿ ಹಬ್ಬಿತು. ನನ್ನ ಅಡ್ಮಿನ್ ಖಾತೆಯಿಂದ ಮ್ಯಾನೇಜರ್ ಅವರ ಮೇಲ್‌ಬಾಕ್ಸ್ ತೆರೆದು, ಪಟ್ಟಿಯಲ್ಲಿ ನನ್ನ ಹೆಸರಿದೆಯಾ ಅಂತ ನೋಡಿದೆ. ಸುಮ್ನೆ ನೋಡಿದೆ ಅಷ್ಟೇ. ಕಾಪಿ ಮಾಡಿಲ್ಲ, ಯಾರಿಗೂ ಹೇಳಿಲ್ಲ. ಲಾಗ್‌ನಲ್ಲಿ ಸಿಕ್ಕಿಬಿತ್ತು. ವಿಚಾರಿಸಲು ಬಂದ ಅಧಿಕಾರಿಗೆ ‘ಒಂದು ಸಲ’ ಅಂದೆ. ನಿಜವಾಗಿ ಮೂರು ವಾರದಲ್ಲಿ ಆರು ಸಲ. ಕ್ಲಿಯರೆನ್ಸ್ ಅಮಾನತಾಗಿದೆ. ಈಗ ಎಸ್‌ಒಆರ್, ಅಂದರೆ ನನ್ನ ಮೇಲಿನ ಆಕ್ಷೇಪಗಳ ಪತ್ರ ಬಂದಿದೆ, ಗೈಡ್‌ಲೈನ್ ಎಂ ಮತ್ತು ಇ ಕೆಳಗೆ. ಉತ್ತರಕ್ಕೆ 20 ದಿನ, ಅದರಲ್ಲಿ 6 ಕಳೆದಿವೆ. ನಾನು ಯಾವ ಕಾನೂನೂ ಮುರಿದಿಲ್ಲ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಹಿಯರಿಂಗ್ ಕೇಳಲಾ, ಕಾಗದದಲ್ಲೇ ಮುಗಿಸಲಾ? ಹೆಂಡತಿಗೆ ‘ಕಾಂಟ್ರಾಕ್ಟ್ ಬದಲಾಗುತ್ತಿದೆ, ಅದಕ್ಕೇ ಮನೆಯಲ್ಲಿದ್ದೇನೆ’ ಅಂದಿದ್ದೇನೆ.
– ಹೆಸರು ಬೇಡ, ವರ್ಜೀನಿಯಾ

ಉತ್ತರ: ನಿಮ್ಮ ಪತ್ರ ಬಂದ ದಿನವೇ ನಿಮಗೆ ಉತ್ತರ ಬರೆದೆ. ಉಳಿದ 14 ದಿನ ಪತ್ರಿಕೆ ಅಚ್ಚಾಗುವವರೆಗೆ ಕಾಯುವುದಿಲ್ಲವಲ್ಲ. ನಿಮ್ಮ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ, ಅದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಆ ಪದ. ‘ಸುಮ್ನೆ ನೋಡಿದೆ’ ಅಂದರೆ ನಮ್ಮ ಕಿವಿಗೆ ‘ಕೆಟ್ಟ ಉದ್ದೇಶ ಇರಲಿಲ್ಲ’ ಅಂತ ಕೇಳಿಸುತ್ತದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ನ್ಯಾಯಾಧೀಶರ ಮುಂದಿಟ್ಟರೆ ‘ಕಾರಣವೇ ಇರಲಿಲ್ಲ’ ಅಂತ ಕೇಳಿಸುತ್ತದೆ. ಕಾರಣವಿಲ್ಲದೆ ಮ್ಯಾನೇಜರ್ ಮೇಲ್ ತೆರೆದವನು ನಾಳೆ ಕಾರಣವಿಲ್ಲದೆ ಇನ್ನೇನು ತೆರೆಯುತ್ತಾನೋ! ಅದೂ ಅಲ್ಲದೆ ನಿಮಗೆ ಕಾರಣ ಇತ್ತು. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಅದು ಯಾರಿಗಾದರೂ ಅರ್ಥವಾಗುವ ಹೆದರಿಕೆ. ಅದನ್ನು ‘ಸುಮ್ನೆ’ಯ ಹಿಂದೆ ಯಾಕೆ ಬಚ್ಚಿಡುತ್ತೀರಿ?

ಗೈಡ್‌ಲೈನ್ ಎಂ ಏನು ಹೇಳುತ್ತದೆ ಅಂತ ಉಳಿದ ಓದುಗರಿಗೆ ಎರಡು ಮಾತು. ಕ್ಲಿಯರೆನ್ಸ್ ಅಳೆಯುವ ಕೋಲು 2017ರ ಜೂನ್ 8ರಿಂದ ಎಲ್ಲ ಇಲಾಖೆಗಳಿಗೂ ಒಂದೇ. ಅದನ್ನು ಸೀಡ್-4 ಅಂತ ಕರೆಯುತ್ತಾರೆ. ಅದರಲ್ಲಿ 13 ಗೈಡ್‌ಲೈನ್‌ಗಳಿವೆ. ಸಾಲ, ಕುಡಿತ, ವಿದೇಶಿ ನೆಂಟರು, ಎಲ್ಲಕ್ಕೂ ಒಂದೊಂದು. ಕೊನೆಯದು ಎಂ, ಕಂಪ್ಯೂಟರ್ ಬಳಕೆಯದು. ಅದರ ತರ್ಕ ಸರಳ. ಕಂಪ್ಯೂಟರಿನ ನಿಯಮವನ್ನೇ ಪಾಲಿಸದವನು ದೇಶದ ಗುಟ್ಟು ಕಾಯುತ್ತಾನೆ ಅಂತ ನಂಬುವುದು ಹೇಗೆ? ನೀವು ತೆರೆದ ಮೇಲ್‌ನಲ್ಲಿ ಗುಟ್ಟಿನ ಸಂಗತಿ ಇತ್ತಾ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಅನುಮತಿ ಇಲ್ಲದ ಕಡೆ ಹೋದಿರಿ, ಅಷ್ಟು ಸಾಕು. ಅಡ್ಮಿನ್‌ಗಳ ವಿಷಯದಲ್ಲಿ ಇದು ಇನ್ನೂ ಬಿಗಿ. ಉಳಿದವರಿಗೆ ಬಾಗಿಲು ಮುಚ್ಚಿರುತ್ತದೆ. ನಿಮ್ಮ ಕೈಗೆ ಬೀಗದ ಕೈಗೊಂಚಲನ್ನೇ ಕೊಟ್ಟಿರುತ್ತಾರೆ.

ನಿಮ್ಮ ಗೆಳೆಯರ ಮಾತು. ಅವರು ಬಹುಶಃ 2021ರ ವ್ಯಾನ್ ಬ್ಯೂರೆನ್ ತೀರ್ಪು ಓದಿದ್ದಾರೆ. ಜಾರ್ಜಿಯಾ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರು ದುಡ್ಡಿಗಾಗಿ ಇಲಾಖೆಯ ಡೇಟಾಬೇಸ್‌ನಲ್ಲಿ ಒಂದು ಕಾರಿನ ನಂಬರ್ ಹುಡುಕಿ ಕೊಟ್ಟಿದ್ದರು. ಆ ಡೇಟಾಬೇಸ್ ನೋಡಲು ಅವರಿಗೆ ಅಧಿಕಾರ ಇತ್ತು, ಬಳಸಿದ ಉದ್ದೇಶ ತಪ್ಪು. ಅದು ಕಂಪ್ಯೂಟರ್ ವಂಚನೆ ಕಾಯ್ದೆಯ ಕೆಳಗೆ ಅಪರಾಧ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು. ಸರಿ. ಆದರೆ ಅದು ಜೈಲಿನ ಲೆಕ್ಕ. ಕ್ಲಿಯರೆನ್ಸ್ ಲೆಕ್ಕ ಬೇರೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅದೇ ಕೋರ್ಟ್ 1988ರಲ್ಲೇ, ನೌಕಾಪಡೆ ಮತ್ತು ಈಗನ್ ನಡುವಿನ ಮೊಕದ್ದಮೆಯಲ್ಲಿ ಹೇಳಿಬಿಟ್ಟಿದೆ. ಸೀಡ್-4 ಕೂಡ ಅನುಮಾನ ಉಳಿದರೆ ಅದನ್ನು ದೇಶದ ಭದ್ರತೆಯ ಕಡೆಗೇ ವಾಲಿಸಬೇಕು ಅನ್ನುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನ ನಿಮ್ಮ ಗೆಳೆಯ. ಇಲ್ಲಿ ಅದು ಎದುರಾಳಿ.

ಈಗ ನಿಜವಾದ ತೊಂದರೆಗೆ ಬರೋಣ. ಆರು ಸಲದ್ದಲ್ಲ, ‘ಒಂದು ಸಲ’ ಅಂದದ್ದು. ಗೈಡ್‌ಲೈನ್ ಇ ಅಂದರೆ ನಡತೆ, ಅದರಲ್ಲೂ ಮುಖ್ಯವಾಗಿ ಸತ್ಯ. ನಾನು ನೋಡಿದ ಮಟ್ಟಿಗೆ ಎಂ ಒಂದೇ ಇದ್ದ ಪ್ರಕರಣಗಳಲ್ಲಿ ಎಷ್ಟೋ ಜನ ಪಾರಾದರು. ಎಂ ಜೊತೆ ಇ ಸೇರಿದರೆ ಕಷ್ಟ. ನೀವು ಅಡ್ಮಿನ್ ಆಗಿ ಇದನ್ನು ಮರೆತದ್ದು ನನಗೆ ಆಶ್ಚರ್ಯ. ಲಾಗ್ ದಿನಾಂಕ, ಗಂಟೆ, ನಿಮಿಷದ ಸಮೇತ ಇಟ್ಟುಕೊಂಡಿರುತ್ತದೆ. ವಿಚಾರಿಸಲು ಬಂದ ಅಧಿಕಾರಿ ಆ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೇ ‘ಎಷ್ಟು ಸಲ?’ ಅಂತ ಕೇಳಿರಬಹುದು. ಅದು ಲೆಕ್ಕ ತಿಳಿಯಲು ಕೇಳಿದ ಪ್ರಶ್ನೆ ಅಲ್ಲ.

ತಪ್ಪು ಹೇಳಿಕೆಯನ್ನು ಅವರು ಎದುರಿಗೆ ಹಿಡಿದು ತೋರಿಸುವ ಮೊದಲೇ ನಾವಾಗಿ ಸರಿಪಡಿಸಿದರೆ ಅದಕ್ಕೆ ಒಳ್ಳೆಯ ಬೆಲೆ ಇದೆ. ಗೈಡ್‌ಲೈನ್‌ನಲ್ಲೇ ಹಾಗೆ ಬರೆದಿದೆ. ನಿಮ್ಮ ಎಸ್‌ಒಆರ್‌ನಲ್ಲಿ ಆರೂ ದಿನಾಂಕಗಳು ಅಚ್ಚಾಗಿ ಬಂದಿರುವುದರಿಂದ ಆ ಬಸ್ ಹೋಗಿಯಾಯಿತು. ಆದರೂ ಈಗ ಹೇಳುವುದಕ್ಕೂ ಹೇಳದೆ ಇರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಉತ್ತರ ಬರೆಯುವ ಕ್ರಮ ಹೀಗೆ. ಎಸ್‌ಒಆರ್‌ನಲ್ಲಿ ಆಕ್ಷೇಪಗಳಿಗೆ 1.ಎ, 1.ಬಿ, 2.ಎ ಅಂತ ನಂಬರ್ ಇರುತ್ತದೆ. ಒಂದೊಂದಕ್ಕೂ ‘ಒಪ್ಪುತ್ತೇನೆ’ ಅಥವಾ ‘ಒಪ್ಪುವುದಿಲ್ಲ’ ಅಂತ ಬಿಡಿಬಿಡಿಯಾಗಿ ಬರೆಯಬೇಕು, ಪ್ರಮಾಣ ಮಾಡಿ ಸಹಿ ಹಾಕಬೇಕು. ‘ಇದೆಲ್ಲಾ ಸುಳ್ಳು’ ಅಂತ ಒಟ್ಟಾಗಿ ಒಂದು ಸಾಲು ಬರೆದರೆ ಅದು ಉತ್ತರವೇ ಅಲ್ಲ. ನಿಮ್ಮದರಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಂಡ ಮೇಲೆ ವಿವರಣೆ. ಅದು ಒಂದು ಪುಟ ದಾಟದಿರಲಿ. ಮ್ಯಾನೇಜರ್ ಎಷ್ಟು ಕೆಟ್ಟವರು ಅಂತ ಒಂದಕ್ಷರವೂ ಬೇಡ. ನಿಮ್ಮ ಮೊದಲ ಕರಡಿನಲ್ಲಿ ಅವರ ಬಗ್ಗೆ ಹನ್ನೆರಡು ಸಾಲು ಇದ್ದವು, ನಿಮ್ಮ ಬಗ್ಗೆ ನಾಲ್ಕು.

ಎಂ ಕೆಳಗೆ ತಪ್ಪನ್ನು ಹಗುರ ಮಾಡುವ ಸಂಗತಿಗಳೂ ಇವೆ. ಬಹಳ ಕಾಲ ಕಳೆದಿರುವುದು, ಸಣ್ಣ ತಪ್ಪನ್ನು ಕಚೇರಿಯ ಕೆಲಸ ಸುಗಮವಾಗಲಿ ಅಂತಷ್ಟೇ ಮಾಡಿರುವುದು, ಗೊತ್ತಿಲ್ಲದೆ ಆಗಿ ತಕ್ಷಣ ತಿಳಿಸಿರುವುದು, ತರಬೇತಿ ಸರಿ ಇಲ್ಲದಿರುವುದು. ಪ್ರಾಮಾಣಿಕವಾಗಿ ಹೇಳುತ್ತೇನೆ, ಈ ನಾಲ್ಕರಲ್ಲಿ ಒಂದೂ ನಿಮಗೆ ಸರಿಯಾಗಿ ಹೊಂದುವುದಿಲ್ಲ. ಆದದ್ದು ಹೋದ ವರ್ಷ. ಮಾಡಿದ್ದು ನಿಮಗಾಗಿ. ಅಡ್ಮಿನ್ ಖಾತೆ ಕೊಡುವಾಗ ಇನ್ನೊಬ್ಬರ ಮೇಲ್ ನೋಡುವುದಿಲ್ಲ ಅಂತ ಸಹಿ ಹಾಕಿದ್ದೀರಿ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ‘ತರಬೇತಿ ಇರಲಿಲ್ಲ’ ಅನ್ನುವ ದಾರಿಗೆ ಹೋಗಬೇಡಿ, ಇನ್ನೊಂದು ಸುಳ್ಳಿನ ಹಾಗೆ ಕಾಣಿಸುತ್ತದೆ. ನಿಮಗೆ ಉಳಿದಿರುವುದು ಇಡೀ ಮನುಷ್ಯನನ್ನು ನೋಡುವ ನಿಯಮ. ಉದ್ದೇಶ, ಎಷ್ಟು ಸಲ, ವಯಸ್ಸು, ಮತ್ತೆ ಮಾಡುವ ಸಾಧ್ಯತೆ, ಹೀಗೆ ಒಂಬತ್ತು ಅಂಶ ನೋಡುತ್ತಾರೆ. ಹನ್ನೊಂದು ವರ್ಷ ಕಪ್ಪು ಚುಕ್ಕೆ ಇಲ್ಲದೆ ಕೆಲಸ ಮಾಡಿದ್ದೀರಲ್ಲ, ಅದು ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ಹಿಯರಿಂಗ್ ಕೇಳಿ ಅನ್ನುತ್ತೇನೆ. ಗುತ್ತಿಗೆ ಕಂಪನಿಯವರ ಪ್ರಕರಣ ಹೋಗುವುದು ಡೋಹಾಗೆ, ಅಂದರೆ ರಕ್ಷಣಾ ಇಲಾಖೆಯದೇ ವಿಚಾರಣಾ ಕಚೇರಿ. ಕಾಗದದಲ್ಲೇ ತೀರ್ಮಾನ ಬೇಕು ಅಂದರೆ ಸರ್ಕಾರದ ಕಡೆಯವರು ಒಂದು ಕಡತ ಕಳಿಸುತ್ತಾರೆ, ನೀವು 30 ದಿನದಲ್ಲಿ ಉತ್ತರ ಕೊಡುತ್ತೀರಿ, ನ್ಯಾಯಾಧೀಶರು ನಿಮ್ಮ ಮುಖ ನೋಡದೆ ಬರೆಯುತ್ತಾರೆ. ಸಾಲದ ಪ್ರಕರಣವಾದರೆ ಪರವಾಗಿಲ್ಲ, ರಸೀದಿಗಳೇ ಮಾತಾಡುತ್ತವೆ. ನಿಮ್ಮದು ‘ಈ ಮನುಷ್ಯನನ್ನು ನಂಬಬಹುದಾ’ ಅನ್ನುವ ಪ್ರಶ್ನೆ. ಎದುರು ಕೂತು ‘ಹೌದು, ಆರು ಸಲ, ಹೆದರಿ ಸುಳ್ಳು ಹೇಳಿದೆ’ ಅನ್ನದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಸೋತರೆ 15 ದಿನದೊಳಗೆ ಮೇಲ್ಮನವಿಯ ನೋಟಿಸ್ ಕೊಡಬಹುದು. ಆದರೆ ಅಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ. ಏನು ತೋರಿಸಬೇಕೋ ಮೊದಲ ಸುತ್ತಿನಲ್ಲೇ ತೋರಿಸಬೇಕು. ಕೈಲಾದರೆ ಈ ಕೆಲಸವನ್ನೇ ಮಾಡುವ ವಕೀಲರನ್ನು ಹಿಡಿಯಿರಿ. ಮನೆ ಖರೀದಿಗೆ ಸಹಾಯ ಮಾಡಿದ ವಕೀಲರು ಬೇಡ.

ಸಹೋದ್ಯೋಗಿಗಳಿಂದ ಪತ್ರ ತರುವಾಗ ಒಂದು ಎಚ್ಚರ. ನಮ್ಮ ಕಂಪನಿಯ ಒಬ್ಬರು ಏಳು ಪತ್ರ ತಂದಿದ್ದರು. ಎಲ್ಲದರಲ್ಲೂ ‘ಬಂಗಾರದಂಥ ಮನುಷ್ಯ’. ಬರೆದವರಲ್ಲಿ ಒಬ್ಬರನ್ನು ಸಾಕ್ಷಿಯಾಗಿ ಕರೆದಾಗ ಸರ್ಕಾರದ ವಕೀಲರು ಕೇಳಿದ್ದು ಒಂದೇ. ‘ಇವರ ಮೇಲಿನ ಆಕ್ಷೇಪ ಏನು ಅಂತ ನಿಮಗೆ ಗೊತ್ತಾ?’ ಗೊತ್ತಿರಲಿಲ್ಲ. ಏಳೂ ಪತ್ರ ಆ ಕ್ಷಣಕ್ಕೆ ಹಾಳೆಯಾಗಿಬಿಟ್ಟವು. ಮೂರೇ ಪತ್ರ ತನ್ನಿ. ಮೂವರಿಗೂ ಎಸ್‌ಒಆರ್ ಓದಲು ಕೊಟ್ಟು, ಆಮೇಲೆ ಬರೆಸಿ.

ಇನ್ನು ಮನೆ. ಇದು ಸಂಸಾರದ ಅಂಕಣ ಅಲ್ಲ, ನಿಮ್ಮಿಬ್ಬರ ನಡುವೆ ಬರಲು ನನಗೆ ಹಕ್ಕೂ ಇಲ್ಲ. ಆದರೆ ಇದು ನಿಮ್ಮ ಪ್ರಕರಣದ ಒಳಗೇ ಇರುವ ಸಂಗತಿ. ಯಾರಿಗೂ ತಿಳಿಯಬಾರದು ಅಂತ ಏನನ್ನಾದರೂ ಬಚ್ಚಿಟ್ಟವನನ್ನು ಬೆದರಿಸಿ ಕೆಲಸ ಮಾಡಿಸಿಕೊಳ್ಳಬಹುದು ಅಂತ ಗೈಡ್‌ಲೈನ್ ಇ ಲೆಕ್ಕ ಹಾಕುತ್ತದೆ. ಹಿಯರಿಂಗ್‌ನಲ್ಲಿ ‘ನಿಮ್ಮ ಹೆಂಡತಿಗೆ ಗೊತ್ತಾ?’ ಅನ್ನುವ ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ. ಆಗ ನೀವು ‘ಇಲ್ಲ’ ಅಂದರೆ, ಆರು ಸಲ ನೋಡಿ ಒಂದು ಸಲ ಅಂದವನು ಮನೆಯಲ್ಲೂ ಹಾಗೇ ಇದ್ದಾನೆ ಅಂತ ಬರೆದುಕೊಳ್ಳುತ್ತಾರೆ. ಹೆಂಡತಿಗೆ ಈ ವಾರವೇ ಹೇಳಿ. ಎಸ್‌ಒಆರ್ ಕೈಗೇ ಕೊಡಿ, ನಿಮ್ಮ ಮಾತಿನಲ್ಲಿ ಸಾರಾಂಶ ಬೇಡ.

ಕಂಪನಿ ನಿಮ್ಮನ್ನು ಕೈಬಿಟ್ಟರೆ ಏನು ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ಕ್ಲಿಯರೆನ್ಸ್ ಬೇಕು ಅಂತ ಕೇಳುವ ಕಂಪನಿಯೇ ಇಲ್ಲದಿದ್ದರೆ ಸಾಮಾನ್ಯವಾಗಿ ಪ್ರಕರಣ ಅರ್ಧಕ್ಕೇ ನಿಲ್ಲುತ್ತದೆ. ಕಪ್ಪು ಚುಕ್ಕೆ ಮಾತ್ರ ದಾಖಲೆಯಲ್ಲಿ ಹಾಗೇ ಕೂತಿರುತ್ತದೆ. ಆದರೆ ನಿಮ್ಮ ಕ್ಲಿಯರೆನ್ಸ್ ಅಮಾನತಾಗಿದೆಯಲ್ಲ, ಅಂಥವರು ಪ್ರಕರಣ ಮುಂದುವರಿಸಿ ಅಂತ ಬರವಣಿಗೆಯಲ್ಲಿ ಕೇಳಬಹುದು. ಉತ್ತರದ ಜೊತೆಗೇ ಆ ಕಾಗದ ಹಾಕಿಬಿಡಿ.

ಗೆಲ್ಲುತ್ತೀರಾ? ಈ ಸುತ್ತಿನಲ್ಲಿ ಇಲ್ಲ ಅಂತಲೇ ನನ್ನ ಅಂದಾಜು. ಕ್ಲಿಯರೆನ್ಸ್ ಹೋದರೆ ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಲು ದಾರಿ ಇದೆ, ಕ್ಲಿಯರೆನ್ಸ್‌ಗೆ ಹೆಸರು ಕಳಿಸಲು ಕಂಪನಿಯೊಂದು ಸಿಗಬೇಕು. ಆವತ್ತು ಅವರು ಮೊದಲು ತೆರೆಯುವುದು ಈ ಹಿಯರಿಂಗ್‌ನಲ್ಲಿ ನೀವು ಆಡಿದ ಮಾತುಗಳ ದಾಖಲೆಯನ್ನು. ಅಲ್ಲಿ ಏನಿರಬೇಕು ಅನ್ನುವುದು ಇವತ್ತಿಗೂ ನಿಮ್ಮ ಕೈಯಲ್ಲೇ ಇದೆ.

ಪ್ರಶ್ನೆ: ನಾನು ಎಂಜಿನಿಯರ್. ಶುಕ್ರವಾರ ಸಂಜೆ ಮಗಳನ್ನು ಕರೆತರುವ ಗಡಿಬಿಡಿಯಲ್ಲಿ ಒಂದು ಎಕ್ಸೆಲ್ ಫೈಲನ್ನು ನನ್ನ ಜಿಮೇಲ್‌ಗೆ ಕಳಿಸಿಕೊಂಡೆ, ಶನಿವಾರ ಮನೆಯಲ್ಲಿ ಮುಗಿಸೋಣ ಅಂತ. ರಾತ್ರಿ ತೆರೆದಾಗ ನೋಡಿದರೆ ಮೇಲ್ಗಡೆ ಸಿಯುಐ ಅಂತ ಗುರುತಿದೆ. ಯಾರಿಗೂ ಗೊತ್ತಾಗಿಲ್ಲ. ಎರಡೂ ಕಡೆ ಅಳಿಸಿ ಸುಮ್ಮನಿದ್ದುಬಿಡಲಾ?
– ಮೇರಿಲ್ಯಾಂಡ್‌ನಿಂದ ಒಬ್ಬರು

ಉತ್ತರ: ಅಳಿಸಬೇಡಿ. ಇದನ್ನೂ ಫೋನಿನಲ್ಲೇ ಹೇಳಿದೆ, ಆದರೂ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಹತ್ತರಲ್ಲಿ ಎಂಟು ಜನ ಮೊದಲು ಮಾಡುವುದೇ ಅಳಿಸುವ ಕೆಲಸ.

ಸಿಯುಐ ಅಂದರೆ ಗುಟ್ಟಿನ ದರ್ಜೆ ಇಲ್ಲದ, ಆದರೆ ಕಾಪಾಡಲೇಬೇಕಾದ ಮಾಹಿತಿ. ಅದನ್ನು ಅನುಮತಿ ಇಲ್ಲದ ಕಂಪ್ಯೂಟರಿಗೆ ಕಳಿಸುವುದು ಗೈಡ್‌ಲೈನ್ ಎಂ ಕೆಳಗೆ ನೇರವಾಗಿ ಬರುತ್ತದೆ. ಆದರೆ ನೋಡಿ, ಮೇಲಿನ ಪತ್ರದವರಿಗೆ ಸಿಗದ ರಿಯಾಯಿತಿಗಳು ನಿಮಗೆ ಸಿಗುತ್ತವೆ. ಮಾಡಿದ್ದು ಕಚೇರಿಯ ಕೆಲಸಕ್ಕಾಗಿ. ಗುರುತು ಕಾಣದೆ ಆಯಿತು. ಇನ್ನು ತಕ್ಷಣ ತಿಳಿಸುವುದು ಒಂದೇ ಬಾಕಿ. ಅಳಿಸಿದ ಕೂಡಲೇ ಅದೆಲ್ಲಾ ಹೋಗಿ, ಮರೆವು ಅನ್ನುವುದು ಮುಚ್ಚಿಡುವುದಾಗುತ್ತದೆ. ಅಳಿಸಿದರೂ ಹೋಗುವುದಿಲ್ಲ ಅನ್ನುವುದು ಬೇರೆ ಮಾತು. ಕಚೇರಿಯ ಮೇಲ್ ಸರ್ವರ್‌ನಲ್ಲಿ ನಿಮ್ಮ ಶುಕ್ರವಾರ ಸಂಜೆ ಆರಾಮಾಗಿ ಕೂತಿದೆ.

ಮಾಡಬೇಕಾದ್ದು ಇಷ್ಟು. ಫೈಲನ್ನು ಮತ್ತೆ ತೆರೆಯಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ‘ಹೀಗಾಯ್ತು ನೋಡಿ’ ಅಂತ ಆ ಫೈಲ್ ಲಗತ್ತಿಸಿ ಎಫ್‌ಎಸ್‌ಒಗೆ ಮೇಲ್ ಅಂತೂ ಮಾಡಲೇಬೇಡಿ. ನಗಬೇಡಿ, ನನಗೆ ಹಾಗೆ ಮೂರು ಸಲ ಬಂದಿದೆ. ಫೋನ್ ಮಾಡಿ, ಏನಾಯಿತು, ಎಷ್ಟು ಗಂಟೆಗೆ, ಯಾವ ಯಾವ ಸಾಧನದಲ್ಲಿ ತೆರೆದಿರಿ ಅಂತ ಹೇಳಿ. ಜಿಮೇಲ್ ನಿಮ್ಮ ಮೊಬೈಲ್‌ನಲ್ಲೂ ಇದೆ ಅನ್ನುವುದನ್ನು ಮರೆಯದೆ ಸೇರಿಸಿ. ಯಾವಾಗ, ಹೇಗೆ ಅಳಿಸಬೇಕು ಅಂತ ಅವರೇ ಹೇಳುತ್ತಾರೆ.

ಮನೆಯಲ್ಲಿ ಕೂತು ಕೆಲಸ ಮುಗಿಸುವ ಆಸೆ ದೊಡ್ಡವರನ್ನೂ ಬಿಟ್ಟಿಲ್ಲ. ಜಾನ್ ಡಾಯ್ಚ್ ಅಂತ, 1995ರಿಂದ 96ರವರೆಗೆ ಸಿಐಎಗೆ ಮುಖ್ಯಸ್ಥರಾಗಿದ್ದವರು. ಅವರು ಹುದ್ದೆ ಬಿಟ್ಟಾಗ ಮನೆಯ ಕಂಪ್ಯೂಟರ್‌ಗಳಲ್ಲಿ ಗುಟ್ಟಿನ ದರ್ಜೆಯ ಕಡತಗಳು ಸಿಕ್ಕವು. ಆ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ಟೂ ಇತ್ತು. 1999ರ ಆಗಸ್ಟ್‌ನಲ್ಲಿ, ಅವರ ಜಾಗಕ್ಕೆ ಬಂದಿದ್ದ ಜಾರ್ಜ್ ಟೆನೆಟ್ ಅವರೇ ಇವರ ಕ್ಲಿಯರೆನ್ಸ್ ಅಮಾನತು ಮಾಡಿದರು. 2001ರ ಜನವರಿ 20ರಂದು, ಅಂದರೆ ತಮ್ಮ ಅಧಿಕಾರದ ಕೊನೆಯ ದಿನ, ಅಧ್ಯಕ್ಷ ಕ್ಲಿಂಟನ್ ಡಾಯ್ಚ್‌ಗೆ ಕ್ಷಮಾದಾನ ಕೊಟ್ಟರು. ನಮಗೆ ನಿಮಗೆ ಅಧ್ಯಕ್ಷರು ಸಿಗುವುದಿಲ್ಲ, ಎಫ್‌ಎಸ್‌ಒ ಸಿಗುತ್ತಾರೆ. ಫೋನ್ ಮಾಡಿ.

ಪ್ರಶ್ನೆ: ಆಂಟಿ, ನನಗೆ 23. ಒಂದು ಕಂಪನಿಯಿಂದ ಆಫರ್ ಬಂದಿದೆ, ಕ್ಲಿಯರೆನ್ಸ್‌ಗೆ ಎಸ್‌ಎಫ್-86 ಅನ್ನುವ ಫಾರಂ ತುಂಬಬೇಕು. ಕಾಲೇಜಿನ ಎರಡನೇ ವರ್ಷದಲ್ಲಿ ಲ್ಯಾಬ್ ಜೊತೆಗಾರನ ಪಾಸ್‌ವರ್ಡ್ ಊಹಿಸಿ, ಸುಮ್ನೆ ಅವನ ಅಕೌಂಟ್ ಒಳಗೆ ಹೋಗಿ ಅಸೈನ್‌ಮೆಂಟ್ ನೋಡಿದ್ದೆ. ಕಾಲೇಜಿನವರು ಎಚ್ಚರಿಕೆ ಪತ್ರ ಕೊಟ್ಟಿದ್ದರು. ಇದು ನಾಲ್ಕು ವರ್ಷದ ಹಿಂದಿನ ಮಾತು. ಅಮ್ಮ ‘ಹುಡುಗಾಟ ಅದು, ಬರೀಬೇಡ’ ಅಂತಾರೆ.

ಉತ್ತರ: ಬರಿಯಪ್ಪ. ಆ ಫಾರಂನ 27ನೇ ವಿಭಾಗ ಕೇಳುವುದೇ ಇದನ್ನು. ಕಳೆದ ಏಳು ವರ್ಷದಲ್ಲಿ ಅನುಮತಿ ಇಲ್ಲದೆ ಯಾವುದಾದರೂ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗಿದ್ದೀಯಾ, ಹೋಗಲು ಪ್ರಯತ್ನಿಸಿದ್ದೀಯಾ ಅಂತ. ನಾಲ್ಕು ವರ್ಷ ಏಳರೊಳಗೆ ಬರುತ್ತದೆ. ಕಾಲೇಜಿನದು, ಆಫೀಸಿನದು ಅಂತ ಭೇದ ಇಲ್ಲ. ಅಮ್ಮನಿಗೆ ಹೇಳು, ಹುಡುಗಾಟ ಅನ್ನುವುದು ಅವರ ಲೆಕ್ಕದಲ್ಲೂ ಇದೆ, ವಯಸ್ಸು ಎಷ್ಟಿತ್ತು ಅಂತ ನೋಡಿಯೇ ನೋಡುತ್ತಾರೆ. ಆದರೆ 19ರಲ್ಲಿ ಮಾಡಿದ್ದನ್ನು 23ರಲ್ಲಿ ಬಚ್ಚಿಟ್ಟರೆ ಅದು 23ರ ತಪ್ಪು. ಆ ಫಾರಂನಲ್ಲಿ ಬೇಕಂತಲೇ ಸುಳ್ಳು ಬರೆಯುವುದು ಅಪರಾಧವೂ ಹೌದು, ಐದು ವರ್ಷದವರೆಗೆ ಜೈಲು ಇದೆ.

ಮೂರು ಸಾಲು ಸಾಕು. ಏನು ಮಾಡಿದೆ, ಕಾಲೇಜು ಏನು ಮಾಡಿತು, ಆಮೇಲೆ ಮತ್ತೆ ಮಾಡಿದ್ದೀಯಾ ಇಲ್ಲವಾ. ಎಚ್ಚರಿಕೆ ಪತ್ರದ ಪ್ರತಿ ಹುಡುಕಿ ಇಟ್ಟುಕೋ, ಸಂದರ್ಶನದಲ್ಲಿ ದಿನಾಂಕ ತಪ್ಪು ಹೇಳಬಾರದು. ‘ಸುಮ್ನೆ’ ತೆಗೆದುಹಾಕಿ, ಅಸೈನ್‌ಮೆಂಟ್ ಮುಗಿದಿರಲಿಲ್ಲ ಅಂತ ಬರಿ. ಮುಗಿದಿರಲಿಲ್ಲ ತಾನೇ?

ಪ್ರಶ್ನೆ: ಆಫೀಸ್ ಕಂಪ್ಯೂಟರ್‌ನಲ್ಲಿ ಸುಮ್ನೆ ನ್ಯೂಸ್ ನೋಡೋದು, ಬ್ಯಾಂಕ್ ಬಾಕಿ ನೋಡೋದು, ಕ್ರಿಕೆಟ್ ಸ್ಕೋರ್ ನೋಡೋದು, ಅಷ್ಟಕ್ಕೂ ಕ್ಲಿಯರೆನ್ಸ್ ಹೋಗುತ್ತಾ? ನೀವು ಇಷ್ಟು ಉಪದೇಶ ಮಾಡ್ತೀರಲ್ಲ, ನೀವು ಯಾವತ್ತೂ ತಪ್ಪೇ ಮಾಡಿಲ್ವಾ?
– ಒಬ್ಬ ಹಳೆಯ ಓದುಗ

ಉತ್ತರ: ಮೊದಲ ಪ್ರಶ್ನೆಗೆ, ಸ್ಕೋರ್ ನೋಡಿ ಕ್ಲಿಯರೆನ್ಸ್ ಕಳೆದುಕೊಂಡವರನ್ನು ನಾನು ಕಂಡಿಲ್ಲ. ಬಿಡುವಿನಲ್ಲಿ ಒಂದಿಷ್ಟು ಸ್ವಂತ ಬಳಕೆಗೆ ಎಷ್ಟೋ ಕಚೇರಿಗಳಲ್ಲಿ ಅವಕಾಶ ಇರುತ್ತದೆ, ನಿಮ್ಮಲ್ಲಿ ಹೇಗೆ ಅಂತ ನಿಯಮ ಓದಿ. ಕಳೆದುಕೊಂಡವರನ್ನು ಕಂಡಿರುವುದು ಮೂರು ಬಗೆಯಲ್ಲಿ. ಅಶ್ಲೀಲ ಪುಟಗಳು, ಅದರಲ್ಲೂ ಒಮ್ಮೆ ಬುದ್ಧಿ ಹೇಳಿಸಿಕೊಂಡು ಮತ್ತೆ ಅಲ್ಲಿಗೇ ಹೋದವರು. ದಿನಕ್ಕೆ ಮೂರು ಗಂಟೆ ಪಂದ್ಯ ನೋಡಿ ಎಂಟು ಗಂಟೆ ಕೆಲಸ ಅಂತ ಟೈಂಶೀಟ್ ತುಂಬಿದವರು. ಸರ್ಕಾರದ ದುಡ್ಡಿನ ಕಾಂಟ್ರಾಕ್ಟ್‌ನಲ್ಲಿ ಅದು ಕಂಪ್ಯೂಟರ್ ವಿಷಯ ಅಲ್ಲ, ಕಳ್ಳತನದ ವಿಷಯ. ಮತ್ತೆ, ತಡೆ ಹಾಕಿದ ಸೈಟ್‌ಗೆ ಹೋಗಲು ಅಡ್ಡದಾರಿಯ ತಂತ್ರಾಂಶ ಹಾಕಿಕೊಂಡವರು. ‘ಗಮನಿಸುತ್ತಾರೆ ಅಂತ ಗೊತ್ತಿರಲಿಲ್ಲ’ ಅನ್ನಬೇಡಿ. ಸರ್ಕಾರದ ಕಂಪ್ಯೂಟರಿಗೆ ಲಾಗಿನ್ ಆಗುವಾಗ ಪ್ರತಿ ಸಲ ಒಂದು ಸೂಚನೆ ಬರುತ್ತದಲ್ಲ, ನೀವು ಓದದೆ ಓಕೆ ಒತ್ತುವುದು, ಅದರಲ್ಲಿ ಇರುವುದೇ ಅದು. ಗಮನಿಸುತ್ತೇವೆ, ನೀವು ಒಪ್ಪಿದ್ದೀರಿ ಅಂತ.

ಎರಡನೆಯದಕ್ಕೆ ಉತ್ತರ, ಮಾಡಿದ್ದೇನೆ.

2008ರ ನವೆಂಬರ್‌ನಲ್ಲಿ ರಕ್ಷಣಾ ಇಲಾಖೆ ತನ್ನ ಕಂಪ್ಯೂಟರ್‌ಗಳಿಗೆ ಪೆನ್ ಡ್ರೈವ್ ಹಾಕುವುದನ್ನು ನಿಷೇಧಿಸಿತು. ಒಂದು ಪೆನ್ ಡ್ರೈವ್ ಮೂಲಕ ಏಜೆಂಟ್ ಡಾಟ್ ಬಿಟಿಝಡ್ ಅನ್ನುವ ಹುಳು, ಅಂದರೆ ವೈರಸ್ ಥರದ ಕುತಂತ್ರಾಂಶ, ಅವರ ಜಾಲದೊಳಗೆ ನುಗ್ಗಿತ್ತು. ನಮ್ಮ ಆಫೀಸಿನಲ್ಲೂ ಸರ್ಕಾರದ ಜಾಲಕ್ಕೆ ಸೇರಿದ ಕಂಪ್ಯೂಟರ್‌ಗಳಿದ್ದವು. ‘ಏನನ್ನೂ ಸಿಕ್ಕಿಸಬೇಡಿ’ ಅಂತ ಪೋಸ್ಟರ್ ಮಾಡಿಸಿ ಪ್ರತಿ ಮೇಜಿನ ಮೇಲೆ ಅಂಟಿಸಿದವಳು ನಾನು. 2009ರ ಒಂದು ಮಧ್ಯಾಹ್ನ ನನ್ನ ಐಪಾಡ್‌ನ ಚಾರ್ಜ್ ಮುಗಿದಿತ್ತು. ಕೈಯಲ್ಲಿ ಕೇಬಲ್ ಇತ್ತು. ಕಣ್ಣೆದುರು ಪೋರ್ಟ್ ಇತ್ತು. ಪೋರ್ಟ್‌ನ ಮೇಲೆ ನನ್ನದೇ ಪೋಸ್ಟರ್ ಇತ್ತು. ಸಿಕ್ಕಿಸಿದೆ.

ಐದು ನಿಮಿಷಕ್ಕೆ ಐಟಿಯವರ ಫೋನ್. ‘ನಿಮ್ಮ ಕಂಪ್ಯೂಟರ್‌ಗೆ ಏನೋ ಸಿಕ್ಕಿಸಿದ ಹಾಗಿದೆ?’ ನನ್ನ ಬಾಯಿಂದ ಮೊದಲು ಬಂದದ್ದು ‘ಐ ವಾಸ್ ಜಸ್ಟ್’. ಅಲ್ಲಿಗೇ ನಿಲ್ಲಿಸಿದೆ. ಅಷ್ಟು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಬೇಜಾರಾಗಿದ್ದ ಪದ ನನ್ನ ನಾಲಿಗೆ ಮೇಲೇ ಕೂತಿತ್ತು. ಆಮೇಲೆ ‘ಐಪಾಡ್. ಚಾರ್ಜ್ ಮಾಡ್ತಿದ್ದೆ. ನಿಯಮ ಗೊತ್ತಿತ್ತು’ ಅಂದೆ. ಅವರು ನಗಲಿಲ್ಲ, ಪಾಪ. ನಗಬಹುದಿತ್ತು.

ಎಫ್‌ಎಸ್‌ಒ ತಪ್ಪು ಮಾಡಿದರೆ ವರದಿ ಬರೆಯುವವರು ಯಾರು? ಬಾಸ್‌ಗೆ ಹೇಳಿ ನಾನೇ ಬರೆದೆ. ನನ್ನ ಹೆಸರನ್ನು ‘ಆ ಉದ್ಯೋಗಿ’ ಅಂತ ಮೂರನೆಯವರ ಹಾಗೆ ಬರೆಯುವಾಗ ಬೆವರು ಬಂತು. ಕಂಪ್ಯೂಟರ್ ಎರಡು ದಿನ ಹೊತ್ತುಕೊಂಡು ಹೋದರು. ಬುದ್ಧಿವಾದದ ಪತ್ರ ಒಂದು ನನ್ನ ಕಡತಕ್ಕೆ ಸೇರಿತು. ತರಬೇತಿಯನ್ನು ಮತ್ತೆ ಮಾಡಬೇಕಾಯಿತು, ನಾನೇ ತಯಾರಿಸಿದ ತರಬೇತಿ. ಕೊನೆಯಲ್ಲಿ ಪರೀಕ್ಷೆ ಇತ್ತು. ಹತ್ತಕ್ಕೆ ಒಂಬತ್ತು ಬಂತು. ತಪ್ಪಾದದ್ದು ಯಾವ ಪ್ರಶ್ನೆ ಅಂತ ಹೇಳುವುದಿಲ್ಲ.

ಕ್ಲಿಯರೆನ್ಸ್‌ನ ಮರುಪರಿಶೀಲನೆಗೆ ಬಂದ ಅಧಿಕಾರಿ ಆ ಪತ್ರವನ್ನು ಮುಂದಿಟ್ಟುಕೊಂಡು ‘ಯಾಕೆ ಹೀಗಾಯಿತು?’ ಅಂತ ಕೇಳಿದರು. ‘ನನಗೆ ಅನ್ವಯಿಸುವುದಿಲ್ಲ ಅಂದುಕೊಂಡೆ’ ಅಂದೆ. ಬರೆದುಕೊಂಡು, ಮುಂದಿನ ಪ್ರಶ್ನೆಗೆ ಹೋದರು.

ಮುಂದಿನ ತಿಂಗಳಿಗೆ ಪತ್ರ ಬರೆಯುವವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಇಮೇಲ್‌ನಿಂದ, ನಿಮ್ಮದೇ ಫೋನಿನಿಂದ ಕಳಿಸಿ. ಈ ಸಲದ ನಾಲ್ಕರಲ್ಲಿ ಒಂದು ಆಫೀಸಿನ ಇಮೇಲ್‌ನಿಂದ ಬಂದಿತ್ತು, ಮಂಗಳವಾರ ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ.